ಅಳಿಸುವ ಮುನ್ನ ತೆಗೆದ ಚಿತ್ರ

ಅಥವಾ ನನ್ನ ಸಹೋದ್ಯೋಗಿ ಅದನ್ನು ಹೇಳಿದ್ದು ಆಮೇಲೆಯೇ ಇರಬಹುದು. ಊಟದ ಮೇಜಿನ ಮೇಲೆ ಶೇಂಗಾ ಚಟ್ನಿಪುಡಿಯ ಡಬ್ಬಿ ತೆರೆದಿತ್ತು ಎಂದು ನೆನಪು. ಹಾಗಾದರೆ ಮಧ್ಯಾಹ್ನ ಒಂದೂಕಾಲು. ಆದರೆ ಅದೇ ನೆನಪಿನೊಳಗೆ ಕಿಟಕಿಯ ಕೆಳಗೆ ನೀರಿನ ಟ್ಯಾಂಕರು ರಿವರ್ಸ್ ತೆಗೆದುಕೊಳ್ಳುವ ಸದ್ದೂ ಇದೆ. ನಮ್ಮ ಬಿಲ್ಡಿಂಗಿಗೆ ಟ್ಯಾಂಕರು ಬಂದು ಹೋಗುವುದು ಬೆಳಿಗ್ಗೆ ಹನ್ನೊಂದರೊಳಗೆ. ಎರಡೂ ಒಂದೇ ಹೊತ್ತಿನಲ್ಲಿ ಇರಲಾರವು. ಒಂದನ್ನು ನಾನೇ ಆಮೇಲೆ ತಂದು ಅಲ್ಲಿ ಇಟ್ಟಿದ್ದೇನೆ.

ಅವಳು ಹೇಳಿದ್ದೇನು ಎನ್ನುವುದರಲ್ಲಿ ಅನುಮಾನವಿಲ್ಲ. ಇಂಟರ್ನೆಟ್ಟಿನಲ್ಲಿ ಕಂಡ ಒಂದು ಬರಹದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದು ತಪ್ಪು ಎಂದಳು. ನಾನು ತೆಗೆದದ್ದು ಹನ್ನೊಂದು ಹತ್ತಕ್ಕೆ. ಅವಳು ಟ್ಯಾಂಕರಿನ ಹೊತ್ತಿಗೆ ಹೇಳಿದ್ದರೆ ನಾನು ಗೊತ್ತಿದ್ದೂ ಮಾಡಿದೆ. ಊಟದ ಹೊತ್ತಿಗೆ ಹೇಳಿದ್ದರೆ ತಿಳಿಯದೆ ಮಾಡಿದೆ. ಕೊರಿಯಾದ ಯಾವುದೋ ಊರಿನಲ್ಲಿ ಮನೆಮನೆಗೆ ಹೋಗಿ ನೀರಿನ ಫಿಲ್ಟರ್ ಬದಲಿಸುವ ಒಬ್ಬ ಹೆಂಗಸಿನ ಕೆಲಸ ಆ ಚಿತ್ರದ ಮೇಲೆ ನಿಂತಿತ್ತು. ನನ್ನ ನೆನಪು ದಿನ ಕಳೆದಂತೆ ಚಟ್ನಿಪುಡಿಯ ಕಡೆಗೇ ವಾಲುತ್ತಿದೆ. ಅದಕ್ಕೇ ಅದರ ಮೇಲೆ ನನಗೆ ಸಿಟ್ಟು. ನನ್ನ ಹತ್ತಿರ ಉಳಿದಿರುವುದು ಒಂದು ನೋಟ್‌ಬುಕ್. ಅದರಲ್ಲಿ ಸಮಯಗಳಿವೆ, ಮಾತುಗಳಿಲ್ಲ.

ನಮ್ಮ ಆಫೀಸು ಬಿಟಿಎಂ ಎರಡನೇ ಹಂತದಲ್ಲಿ, ಒಂದು ಬೇಕರಿಯ ಮೇಲೆ, ಮೂರನೇ ಮಹಡಿಯಲ್ಲಿದೆ. ಇಂಟರ್ನೆಟ್ಟಿನಲ್ಲಿ ಜನ ಒಬ್ಬರಿಗೊಬ್ಬರು ಆಡುವ ಮಾತನ್ನು ಓದಿ, ಇಂಗ್ಲಿಷಿನಲ್ಲಿ ವರದಿ ಮಾಡಿ ಕಂಪನಿಗಳಿಗೆ ಕೊಡುವುದು ನಮ್ಮ ಕೆಲಸ. ಅದಕ್ಕೆ ಸೋಷಿಯಲ್ ಲಿಸನಿಂಗ್ ಎಂಬ ಹೆಸರಿದೆ. ಮರೆಯಲ್ಲಿ ನಿಂತು ಕೇಳುವುದಕ್ಕೆ ಇಷ್ಟು ಮರ್ಯಾದೆಯ ಹೆಸರು ಸಿಕ್ಕಿದ್ದು ನಮ್ಮ ಉದ್ಯಮದ ಅದೃಷ್ಟ. ಆ ವರ್ಷ ಬಂದ ಗ್ರಾಹಕ ಕಂಪನಿ ಕೊರಿಯಾದ್ದಲ್ಲ, ಆದರೆ ಕೊರಿಯಾದಲ್ಲಿ ಮನೆಗಳಿಗೆ ವಾಟರ್ ಪ್ಯೂರಿಫೈಯರ್ ಬಾಡಿಗೆಗೆ ಕೊಡುತ್ತಿತ್ತು. ಯಂತ್ರದ ಜೊತೆಗೆ, ಕೆಲವು ತಿಂಗಳಿಗೊಮ್ಮೆ ಒಬ್ಬ ಹೆಂಗಸು ಮನೆಗೆ ಬಂದು ಫಿಲ್ಟರ್ ಬದಲಿಸಿ, ಬದಲಿಸಿದ ತಾರೀಖಿನ ಒಂದು ಸ್ಟಿಕ್ಕರ್ ಅಂಟಿಸಿ ಹೋಗುವ ಸೇವೆ. ಜನ ಇದರ ಬಗ್ಗೆ ಏನು ಮಾತಾಡುತ್ತಾರೆ ಎಂದು ಆ ಕಂಪನಿಗೆ ತಿಳಿಯಬೇಕಿತ್ತು. ಕೊರಿಯಾದಲ್ಲೇ ಯಾರನ್ನಾದರೂ ಕೇಳಬಹುದಿತ್ತು. ಯಾಕೆ ನಮ್ಮನ್ನು ಕೇಳಿದರು ಎಂದು ನಾನಾಗ ಯೋಚಿಸಲಿಲ್ಲ.

ಕೆಲಸಕ್ಕೆ ಇದ್ದವರು ಮೂವರು. ಮ್ಯಾನೇಜರು, ನಾನು, ಮತ್ತು ಗದಗದಿಂದ ಬಂದು ಮಡಿವಾಳದ ಕಡೆ ಬಾಡಿಗೆಗಿದ್ದ ಸಹೋದ್ಯೋಗಿ. ಮೂವರಲ್ಲಿ ಕೊರಿಯನ್ ಬರುತ್ತಿದ್ದುದು ಅವಳೊಬ್ಬಳಿಗೇ. ಮೊದಲು ಧಾರಾವಾಹಿ ನೋಡಿ, ಆಮೇಲೆ ಜೆಪಿ ನಗರದಲ್ಲಿ ಒಬ್ಬ ಕೊರಿಯನ್ ಟೀಚರ ಹತ್ತಿರ ನಾಲ್ಕು ವರ್ಷ ಶನಿವಾರ ತಪ್ಪದೆ ಕಲಿತವಳು. ನನಗೆ ಇಂಗ್ಲಿಷ್ ಬರುತ್ತಿತ್ತು, ವರದಿ ಬರೆಯಲು ಬರುತ್ತಿತ್ತು. ಆದ್ದರಿಂದ ನಾನು ಅವಳ ಮೇಲಿನವಳು. ಈ ಲೆಕ್ಕ ನಮ್ಮ ಆಫೀಸಿನಲ್ಲಿ ಯಾರಿಗೂ ವಿಚಿತ್ರ ಅನಿಸಲಿಲ್ಲ, ನನಗೂ.

ಕ್ರಮ ಹೀಗಿತ್ತು. ಎಲ್ಲರಿಗೂ ತೆರೆದಿರುವ ಏಳು ಚರ್ಚಾತಾಣಗಳನ್ನು ಆರಿಸಿಕೊಂಡೆವು. ಬೆಳಿಗ್ಗೆ ಒಂಬತ್ತೂವರೆಗೆ, ಅಂದರೆ ಅಲ್ಲಿ ಮಧ್ಯಾಹ್ನ ಒಂದಕ್ಕೆ, ಮೊದಲ ಸುತ್ತು. ಬರಹವನ್ನು ಎರಡು ಬೇರೆ ಅನುವಾದ ಯಂತ್ರಗಳಿಗೆ ಹಾಕಿ ಎರಡು ಇಂಗ್ಲಿಷ್‌ಗಳನ್ನು ಅಕ್ಕಪಕ್ಕದ ಕಾಲಮ್ಮಿನಲ್ಲಿ ಇಡಬೇಕು. ಮೂರನೇ ಕಾಲಮ್ಮು ಅವಳದು. ಯಂತ್ರಗಳು ಜಗಳವಾಡಿದಲ್ಲಿ ಅವಳ ತೀರ್ಪು. ನಾಲ್ಕನೆಯದು ನಂಬಿಕೆಯ ಮಟ್ಟ: ಹೈ, ಮೀಡಿಯಂ, ಲೋ. ಅದನ್ನು ತುಂಬುವುದು ನನ್ನ ಹಕ್ಕು. ಐದನೆಯದು ಕೆಂಪು ಕಾಲಮ್ಮು: ಈ ಬರಹ ಮಾಯವಾಗುವ ಸಾಧ್ಯತೆ ಎಷ್ಟು? ಹೆಚ್ಚಾದಷ್ಟೂ ಬೇಗ ಸ್ಕ್ರೀನ್‌ಶಾಟ್ ತೆಗೆಯಬೇಕು, ಒಂದು ಗಂಟೆಯ ನಂತರ ಮತ್ತೊಂದು ತೆಗೆಯಬೇಕು, ಎರಡರ ನಡುವೆ ಏನು ಕಾಣೆಯಾಯಿತೋ ಅದಕ್ಕೆ ಮೊದಲ ಚಿತ್ರದಲ್ಲಿ ಹಳದಿ ಬಣ್ಣ ಬಳಿಯಬೇಕು. ಜನ ಅಳಿಸಿದ್ದೇ ನಿಜವಾದ ಮಾತು ಎಂಬ ಸಿದ್ಧಾಂತ. ಈ ಹಳದಿಯನ್ನು ಕಂಡುಹಿಡಿದವಳು ನಾನು. ಹಿಂದಿನ ಒಂದು ಕೆಲಸದಲ್ಲಿ ಅದಕ್ಕೆ ಚಪ್ಪಾಳೆ ಗಿಟ್ಟಿತ್ತು.

ಮೊದಲ ವಾರ ನಾನು ಪ್ರವಾಸಿಯ ಹಾಗೆ ಖುಷಿಪಟ್ಟೆ. ಖಕಾರದ ಹಾಗೆ ಸದ್ದು ಕೊಡುವ ಒಂದು ಅಕ್ಷರವನ್ನು ಸಾಲಾಗಿ ಹೊಡೆದರೆ ಅವರಿಗೆ ನಗು. ಸಾಲು ಉದ್ದವಾದಷ್ಟೂ ನಗು ದೊಡ್ಡದು, ಒಂದೇ ಒಂದು ಹೊಡೆದರೆ ಕುಹಕ. ಅಡ್ಡಗೆರೆಯಿಂದ ಎರಡು ಕಾಲು ಇಳಿಬಿಟ್ಟ ಸ್ವರವನ್ನು ಎರಡು ಸಲ ಬರೆದರೆ ಅಳು, ಎರಡೂ ಕಣ್ಣಿಂದ ನೀರು ಸುರಿಯುವುದು ಕಾಣುತ್ತದೆ. ತುಂಬ ಉದ್ದ ಬರೆದವರು ಕೊನೆಗೆ ತಾವೇ ಮೂರು ಸಾಲಿನ ಸಾರಾಂಶ ಕೊಡುತ್ತಾರೆ. ಫೋನಿನಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ ಎಂದು ಮೊದಲೇ ಕೇಳಿಕೊಳ್ಳುತ್ತಾರೆ. ಇದನ್ನೆಲ್ಲ ಸ್ಲೈಡಿಗೆ ಹಾಕಿದೆ. "ಕೊರಿಯನ್ನರು ಸ್ವಭಾವತಃ" ಎಂದು ಶುರುವಾಗುವ ಒಂದು ವಾಕ್ಯವನ್ನೂ ಬರೆದೆ. ಈಗ ಆ ವಾಕ್ಯ ನೆನೆದರೆ ನನ್ನ ಕೈಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಎರಡನೇ ವಾರದ ಕೊನೆಗೆ ಮೊದಲ ಕರಡು ವಾಪಸು ಬಂತು. ತೆಳುವಾಗಿದೆ, ಒಳಗಿನ ದನಿ ಇಲ್ಲ ಎಂದು ಗ್ರಾಹಕ ಕಂಪನಿಯ ಪ್ರತಿನಿಧಿಯ ಟಿಪ್ಪಣಿ. ಮ್ಯಾನೇಜರು ಲ್ಯಾಪ್‌ಟಾಪನ್ನು ನಮ್ಮಿಬ್ಬರ ಕಡೆ ತಿರುಗಿಸಿದರು.

"ಮೇಡಂ, ಇದು ಓದಿದ್ರೆ ಗೈಡ್ ಬುಕ್ ಥರ ಇದೆ. ಒಳಗಡೆ ಹೋಗಿ. ಮೆಂಬರ್‌ಗಳಿಗೆ ಮಾತ್ರ ಅಂತ ಗ್ರೂಪ್ ಇರ್ತವಲ್ಲ, ತಾಯಂದಿರ ಗ್ರೂಪು, ಏರಿಯಾ ಗ್ರೂಪು, ಅಲ್ಲಿಗೆ ನುಗ್ಗಿ."

"ನುಗ್ಗಾಕ ಬರಂಗಿಲ್ರಿ ಸರ," ಎಂದಳು ಗದಗದವಳು. "ಅಲ್ಲಿದ ಫೋನ್ ನಂಬರ್ ಬೇಕು. ಸೇರಿದ ಮ್ಯಾಲೂ ನಮಸ್ಕಾರ ಅಂತ ಬರೀಬೇಕು, ಮಂದಿ ಬರದದ್ದಕ್ಕ ಕಾಮೆಂಟ್ ಹಾಕ್ಬೇಕು, ನೀವು ಮನಷ್ಯಾರು ಹೌದೋ ಅಲ್ಲೋ ನೋಡಿ ಆಮ್ಯಾಲೆ ಒಂದೊಂದ ಬಾಗ್ಲ ತಗೀತಾರ. ಸುಮ್ನ ಕುಂತು ಓದಿ ಹೋಗೋರ್ನ ಕಂಡ್ರ ಅವರಿಗಿ ಆಗಂಗಿಲ್ಲ."

"ನಿಮ್ಮ ಟೀಚರ್ ಹತ್ರ ನಂಬರ್ ಇರುತ್ತಲ್ಲಾ? ಒಂದ್ ಸಲ ಕೇಳಿ."

"ನಾ ಕೇಳಂಗಿಲ್ರಿ."

"ಯಾಕೆ?"

"ಕೇಳಂಗಿಲ್ಲ ಅಂದ್ನಲ್ರಿ ಸರ."

ಮ್ಯಾನೇಜರು ನನ್ನ ಮುಖ ನೋಡಿದರು. ನಾನು ಪರದೆ ನೋಡಿದೆ. ಅವಳ ಪರವಾಗಿ ಒಂದು ಮಾತೂ ಆಡಲಿಲ್ಲ. ಒಳಗಿನ ದನಿ ಬೇಕೆಂಬ ಆಸೆ ಅವರಿಗಿಂತ ನನಗೇ ಹೆಚ್ಚಿತ್ತು.

ಆ ದನಿ ಸಿಕ್ಕಿದ್ದು ಮರುವಾರ, ತೆರೆದ ತಾಣವೊಂದರಲ್ಲೇ. ನಮ್ಮ ಹತ್ತು ನಲವತ್ತಕ್ಕೆ, ಅಲ್ಲಿ ಮಧ್ಯಾಹ್ನ ಎರಡು ಹತ್ತಕ್ಕೆ, ಹೊಸ ಬರಹವೊಂದು ಬಂತು. ಗದಗದವಳೇ ಕಂಡು ನನ್ನನ್ನು ಕರೆದಳು. ಬರೆದವಳು ನಮ್ಮ ಗ್ರಾಹಕ ಕಂಪನಿಯದೇ ಯಂತ್ರಗಳಿಗೆ ಫಿಲ್ಟರ್ ಬದಲಿಸುವ ಹೆಂಗಸು. ಎರಡು ಮನೆಗಳ ನಡುವೆ, ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ ಎಂದಿದ್ದಳು. ನೋಡಬೇಕಾದ ಮನೆಗಳು ಹೆಚ್ಚಾದ ದಿನ ಮೇಲಿನವರು ಹೇಳುತ್ತಾರಂತೆ: ಕೆಲವು ಮನೆಯಲ್ಲಿ ಹಳೆ ಫಿಲ್ಟರ್ ಬಿಡು, ಹೊಸ ಸ್ಟಿಕ್ಕರ್ ಹಚ್ಚಿ ಬಾ. ಬಾಯಿಮಾತಿನಲ್ಲಿ ಮಾತ್ರ, ಬರೆದು ಕೊಡುವುದಿಲ್ಲ. ಹೋದ ವಾರ ಅವಳು ಹಾಗೆ ಸ್ಟಿಕ್ಕರ್ ಹಚ್ಚಿದ ಒಂದು ಮನೆಯಲ್ಲಿ ಬಾಗಿಲು ದಾಟುವಾಗ ಮಗುವಿನ ಹಾಲಿನ ಬಾಟಲಿಗಳು ಒಣಗಲು ಇಟ್ಟಿದ್ದು ಕಂಡಿತಂತೆ. ರಜೆಯ ದಿನ ತಾನೇ ಹೊಸ ಫಿಲ್ಟರ್ ಒಯ್ದು, ಮೊದಲಿನದರಲ್ಲಿ ದೋಷವಿತ್ತು ಎಂದು ಸುಳ್ಳು ಹೇಳಿ ಬದಲಿಸಿ ಬಂದಳಂತೆ. ಯಾರಿಗಾದರೂ ಹೇಳಬೇಕಿತ್ತು, ಹೇಳಿದೆ ಎಂದು ಮುಗಿಸಿದ್ದಳು. ಕೊನೆಯ ಸಾಲು: ಸ್ವಲ್ಪ ಹೊತ್ತಿಗೆ ಅಳಿಸುತ್ತೇನೆ, ದಯವಿಟ್ಟು ಎಲ್ಲೂ ಉಲ್ಲೇಖಿಸಬೇಡಿ.

ಆ ಸಾಲನ್ನು ಎರಡೂ ಯಂತ್ರಗಳು ಸರಿಯಾಗಿಯೇ ಅನುವಾದಿಸಿದ್ದವು. ನನಗೂ ಸರಿಯಾಗಿಯೇ ಅರ್ಥವಾಯಿತು. ಅರ್ಥವಾದದ್ದರಿಂದಲೇ ಕೆಂಪು ಕಾಲಮ್ಮಿನಲ್ಲಿ ಹೈ ಎಂದು ಬರೆದು, ಬೇಗ ಬೇಗ ಚಿತ್ರ ತೆಗೆದೆ. ಹನ್ನೊಂದು ಹತ್ತು.

ಅಲ್ಲಿನ ರೀತಿಯನ್ನು ಇಲ್ಲಿ ಹೇಳಬೇಕು. ಗದಗದವಳು ನನಗೆ ಹೇಳಿಕೊಟ್ಟಿದ್ದು, ಮೊದಲೋ ಆಮೇಲೋ. ಹೀಗೆ ಅಳಿಸುವುದನ್ನು ಅವರು ಸಿಡಿಸುವುದು ಎನ್ನುತ್ತಾರೆ, ಪಟಾಕಿ ಸಿಡಿದ ಸದ್ದಿನ ಒಂದು ಪದದಲ್ಲಿ. ಎದೆಯಲ್ಲಿ ಹಿಡಿದಿಡಲಾಗದ್ದನ್ನು ಒಬ್ಬರು ಎಲ್ಲರೆದುರು ಬಿಚ್ಚುತ್ತಾರೆ, ಇಷ್ಟು ಹೊತ್ತು ಇರುತ್ತದೆ ಎಂದು ಮೊದಲೇ ತಿಳಿಸುತ್ತಾರೆ. ಆ ಹೊತ್ತಿಗೆ ಅಲ್ಲಿದ್ದವರು ಓದುತ್ತಾರೆ, ಸಮಾಧಾನ ಹೇಳುತ್ತಾರೆ. ಸಮಾಧಾನದಲ್ಲಿ ಕೂಡ ವಿವರ ಎತ್ತುವುದಿಲ್ಲ. ಬರಹ ಹೋದ ಮೇಲೆ ಉಳಿಯುವುದು ಕಾಮೆಂಟುಗಳು ಮಾತ್ರ, ಅವುಗಳಿಂದ ಯಾರಿಗೂ ಏನೂ ತಿಳಿಯಬಾರದು. ಹೋದದ್ದರ ಮಾತನ್ನು ಮತ್ತೆ ತೆಗೆಯಬಾರದು. ಚಿತ್ರ ತೆಗೆದಿಟ್ಟುಕೊಳ್ಳುವುದಕ್ಕೆ ಬೇರೆ ಮಾತಿದೆ: ಸತ್ತ ಪ್ರಾಣಿಯ ತೊಗಲಿಗೆ ಹುಲ್ಲು ತುಂಬಿ ನಿಲ್ಲಿಸುವುದು.

ನಾವು ನೋಡುತ್ತಿದ್ದಂತೆ ಅದೆಲ್ಲ ನಡೆಯಿತು. "ಓದಿದೆ. ಒಳ್ಳೆಯದು ಮಾಡಿದಿರಿ. ಈಗ ಸಿಡಿಸಿ." "ಕೈ ಬೆಚ್ಚಗಿಟ್ಟುಕೊಳ್ಳಿ, ಮೆಟ್ಟಿಲು ತಣ್ಣಗಿರುತ್ತದೆ." ಇಪ್ಪತ್ತಕ್ಕೂ ಹೆಚ್ಚು ಮಂದಿ. ನಡುವೆ ಒಬ್ಬರು ಮಾತ್ರ ಮೈಮರೆತು, ಇದು ಇಂಥ ಸ್ಟೇಷನ್ನಿನ ಹಿಂದಿನ ಅಪಾರ್ಟ್‌ಮೆಂಟೇ, ನಮ್ಮಲ್ಲೂ ಹೋದ ವಾರ ಒಬ್ಬರು ರಜೆಯ ದಿನ ಬಂದಿದ್ದರು ಎಂದು ಹೆಸರು ಹಿಡಿದು ಬರೆದುಬಿಟ್ಟರು. ತಕ್ಷಣ ಮೂವರು ಅವರ ಮೇಲೆ ಬಿದ್ದರು. ಜಾಗದ ಹೆಸರು ತೆಗೆಯಿರಿ, ಬೇಗ. ಆ ವ್ಯಕ್ತಿ ಕ್ಷಮೆ ಕೇಳಿ, ಅಳುವ ಅಕ್ಷರ ಎರಡು ಸಲ ಹಾಕಿ, ಕಾಮೆಂಟು ತೆಗೆದರು. ಐದು ನಿಮಿಷವೂ ಇರಲಿಲ್ಲ ಅದು. ಹನ್ನೊಂದೂಮುಕ್ಕಾಲಿಗೆ ಮೂಲ ಬರಹವೂ ಹೋಯಿತು. ಮುಖ ಕಾಣದ ಇಷ್ಟು ಜನ ಒಬ್ಬ ಅಪರಿಚಿತಳನ್ನು ಕಾಪಾಡಲು ಇಷ್ಟು ಚುರುಕಾಗಿ ಒಟ್ಟಾಗಿದ್ದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ನನ್ನ ಹನ್ನೊಂದು ಹತ್ತರ ಚಿತ್ರ ಆ ಐದು ನಿಮಿಷದೊಳಗೆ ಬಿದ್ದಿತ್ತು.

ಹನ್ನೆರಡು ಹತ್ತಕ್ಕೆ ಎರಡನೆಯದು ತೆಗೆದೆ. ಎರಡನ್ನೂ ಪಕ್ಕದಲ್ಲಿಟ್ಟು ಕಾಣೆಯಾದದ್ದಕ್ಕೆ ಹಳದಿ ಬಳಿದೆ. ಮೂಲ ಬರಹ ಪೂರ್ತಿ ಹಳದಿ. ಕಾಮೆಂಟುಗಳ ನಡುವೆ ಒಂದೇ ಒಂದು ಸಾಲು ಹಳದಿ. ಅವರು ಮುಚ್ಚಲು ಹೆಣಗಿದ್ದನ್ನು ನಾನು ಬಣ್ಣ ಹಚ್ಚಿ ತೋರಿಸಿದೆ. ನಂಬಿಕೆಯ ಮಟ್ಟ: ಹೈ. ಆಧಾರ? ಓದಲು ಚೆನ್ನಾಗಿತ್ತು.

ಗದಗದವಳ ಮಾತು ಇಲ್ಲಿ ಬರಬೇಕು, ಅಥವಾ ಇದಕ್ಕೆ ಮೊದಲು. ಎಲ್ಲಿ ಇಡಲಿ ಎಂದು ತಿಳಿಯದೆ ಇಲ್ಲಿ ಇಡುತ್ತಿದ್ದೇನೆ.

"ಅಕ್ಕಾರ, ಅದು ಹಂಗ ಇಟ್ಕೊಳ್ಳೋದಲ್ರಿ. ಅಕಿ ಬ್ಯಾಡ ಅಂದಾಳ."

"ಹೆಸರು ಮುಚ್ತೀನಿ ಬಿಡೇ. ಅವಳು ಹಾಕ್ಕೊಂಡಿರೋ ಅಡ್ಡಹೆಸರೂ ಕಾಣಲ್ಲ."

"ಹೆಸರಿನ ಮಾತಲ್ರಿ ಅದು. ಮಂದಿ ಕಿವಿ ಕೊಟ್ಟಾರ, ನಾವು ಕಿವಿ ಕೊಟ್ಟೀವೇನ್ರಿ?"

ಅಡ್ಡಹೆಸರು ಮುಚ್ಚಿದೆ. ಹದಿನಾಲ್ಕನೇ ಸ್ಲೈಡಿನಲ್ಲಿ ಬರಹದ ಸಾರ ಮಾತ್ರ ಹಾಕಿದೆ, ಜಾಗ ಹಾಕಲಿಲ್ಲ. ಆ ಮಟ್ಟಿಗೆ ಎಚ್ಚರ ವಹಿಸಿದೆ ಎಂದುಕೊಂಡೆ. ಚಿತ್ರಗಳೆಲ್ಲ ಬೇರೆ ಫೋಲ್ಡರಿನಲ್ಲಿ ನಮ್ಮ ಹತ್ತಿರವೇ ಇದ್ದವು.

ಮ್ಯಾನೇಜರು ಸ್ಲೈಡ್ ಓದಿ ಕುರ್ಚಿ ಹಿಂದಕ್ಕೆ ತಳ್ಳಿದರು. "ಸಖತ್ತಾಗಿದೆ ಮೇಡಂ! ಇದು ನೋಡಿ ದನಿ ಅಂದ್ರೆ!" ಕೆಳಗಿನ ಬೇಕರಿಯಿಂದ ಪಫ್ ತರಿಸಿದರು. ಗದಗದವಳು ಬೇಡವೆಂದಳು. ನಾನು ತಿಂದೆ.

ಗುರುವಾರದ ಕರೆಯಲ್ಲಿ ಗ್ರಾಹಕ ಕಂಪನಿಯ ಪ್ರತಿನಿಧಿ ಹದಿನಾಲ್ಕನೇ ಸ್ಲೈಡಿನಲ್ಲೇ ನಿಂತ. ಸಭ್ಯ ದನಿ, ನಿಧಾನ ಮಾತು. ಇದು ಬಹಳ ಕಳವಳದ ವಿಷಯ, ಗ್ರಾಹಕರ ಆರೋಗ್ಯದ ಪ್ರಶ್ನೆ, ಮೂಲ ಚಿತ್ರಗಳನ್ನು ಕಳಿಸಿಕೊಡಿ ಎಂದ. ಮೇಲಿನಿಂದ ಬಾಯಿಮಾತಿನ ಅಪ್ಪಣೆ ಕೊಡುವವರನ್ನು ಹಿಡಿಯಲು ಎಂದು ನಾನು ತಿಳಿದೆ. ಹಾಗೆ ತಿಳಿದೆನೋ, ಹಾಗೆ ತಿಳಿದೆ ಎಂದು ಈಗ ಬರೆದುಕೊಳ್ಳುತ್ತಿದ್ದೇನೋ. ಕರೆ ಮುಗಿದ ಮೇಲೆ ಮ್ಯಾನೇಜರು "ಕಳ್ಸಿಬಿಡಿ" ಎಂದರು. ಇಡೀ ಫೋಲ್ಡರ್ ಕಳಿಸಿದೆ. ಹಳದಿ ಸಾಲಿನ ಸಮೇತ. ಫೋಲ್ಡರ್ ತೆರೆದು ನೋಡಲು ಎರಡು ನಿಮಿಷ ಸಾಕಿತ್ತು, ನೋಡಲಿಲ್ಲ.

ಶುಕ್ರವಾರ ಸಂಜೆ ಒಂದು ಸಾಲಿನ ಉತ್ತರ ಬಂತು. ಧನ್ಯವಾದ, ನೀವು ಹಾಕಿದ ಹಳದಿ ಗುರುತಿನಿಂದ ಯಾವ ಪ್ರದೇಶ, ಯಾವ ಸಿಬ್ಬಂದಿ ಎಂದು ಹುಡುಕುವುದು ಸುಲಭವಾಯಿತು.

ಅಪ್ಪಣೆ ಕೊಟ್ಟವರ ಬಗ್ಗೆ ಒಂದಕ್ಷರವಿಲ್ಲ. ಸಿಬ್ಬಂದಿ ಎಂದರೆ ಮೆಟ್ಟಿಲ ಮೇಲೆ ಕೂತವಳು. ರಜೆಯ ದಿನ ಆ ಅಪಾರ್ಟ್‌ಮೆಂಟಿಗೆ ಹೋದವಳು ಒಬ್ಬಳೇ ಇರುತ್ತಾಳೆ. ಗದಗದವಳು ನನ್ನ ಹಿಂದೆ ನಿಂತು ಓದಿದಳು. ಬ್ಯಾಗು ಹೆಗಲಿಗೆ ಹಾಕಿ ಹೊರಟುಹೋದಳು. ಅವಳು ಬೈದಿದ್ದರೆ ನಾನು ವಾದ ಮಾಡುತ್ತಿದ್ದೆ.

ಮರುದಿನ ಶನಿವಾರ, ಚಿಕ್ಕಲಸಂದ್ರದ ನಮ್ಮ ಮನೆಗೆ ಪ್ಯೂರಿಫೈಯರ್ ಸರ್ವಿಸಿನವನು ಬಂದ. ಇದು ಇಲ್ಲಿ ತೀರಾ ಅನುಕೂಲವಾಗಿ ಬಂದು ಕೂರುತ್ತದೆ ಎಂದು ನನಗೂ ಕಾಣುತ್ತದೆ. ವಾರ ತಪ್ಪಿರಬಹುದು. ಬಂದದ್ದು ನಿಜ, ಮಾತೂ ನಿಜ.

"ಮೇಡಂ, ಕಾರ್ಡಿಗೆ ಒಂದ್ ಸೈನ್ ಹಾಕ್ಬಿಡಿ."

"ಫಿಲ್ಟರ್ ಚೇಂಜ್ ಮಾಡಿದ್ರಾ?"

"ಕ್ಲೀನ್ ಮಾಡಿದೀನಿ ಮೇಡಂ."

"ಚೇಂಜ್ ಅಂತ ಬರ್ದಿದೀರಲ್ಲ ಇಲ್ಲಿ?"

ಅವನು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿ, ಮತ್ತೆ ತೆಗೆದ. "ಸ್ಟಾಕ್ ಬಂದಿಲ್ಲ ಮೇಡಂ. ಬರ್ದು ಬಾ ಅಂದ್ರು. ನೆಕ್ಸ್ಟ್ ವೀಕ್ ನಾನೇ ಬಂದು ಹಾಕ್‌ಕೊಡ್ತೀನಿ. ಕಂಪ್ಲೇಂಟ್ ಮಾತ್ರ ಹಾಕ್ಬೇಡಿ. ಈಗಿನ್ನೂ ಪದ್ಮನಾಭನಗರ ಮುಗ್ಸಿ ಬಂದೆ, ಉತ್ತರಹಳ್ಳಿ ಪೂರ್ತಿ ಬಾಕಿ ಇದೆ."

ಸೈನ್ ಹಾಕಿದೆ. ಅವನು ಸ್ಕೂಟರ್ ಹತ್ತಿ ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ಜೋರಾಗಿ ಬೈದೆ. ಯಾರನ್ನು ಎಂದು ಹೇಳುವುದು ಕಷ್ಟ. ಅವನನ್ನಲ್ಲ.

ಸೋಮವಾರ ಬೆಳಿಗ್ಗೆ ಪತ್ರ ಬರೆದೆ. ಹದಿನಾಲ್ಕನೇ ಸ್ಲೈಡನ್ನೂ ಅದರ ಚಿತ್ರಗಳನ್ನೂ ಹಿಂದಕ್ಕೆ ಪಡೆಯುತ್ತಿದ್ದೇನೆ. ಬರೆದವರು ನಿಜವಾಗಿ ಆ ಕೆಲಸದವರೇ ಎಂದು ನಾವು ಯಾವ ರೀತಿಯಲ್ಲೂ ಪರೀಕ್ಷಿಸಿಲ್ಲ. ಕಾಮೆಂಟಿನಲ್ಲಿರುವ ಜಾಗವೂ ಒಬ್ಬರ ಊಹೆ. ನಂಬಿಕೆಯ ಮಟ್ಟ ಹೈ ಎಂದು ನಾನು ಆಧಾರವಿಲ್ಲದೆ ನಮೂದಿಸಿದ್ದೇನೆ. ಇದರ ಮೇಲೆ ಯಾರ ವಿರುದ್ಧವೂ ಕ್ರಮ ಕೈಗೊಳ್ಳುವುದು ಸರಿಯಲ್ಲ. ಪ್ರತಿ ವಾಕ್ಯವೂ ಸತ್ಯವಾಗಿತ್ತು. ಪತ್ರ ಮಾತ್ರ ಸುಳ್ಳು, ಏಕೆಂದರೆ ಅವಳು ಬರೆದದ್ದು ನಿಜವೆಂದು ನಾನು ಪೂರ್ತಿ ನಂಬಿದ್ದೆ.

ಕಳಿಸುವ ಮೊದಲು ಮ್ಯಾನೇಜರಿಗೆ ತೋರಿಸಿದೆ.

"ನಿಮಗೇನ್ ತಲೆ ಕೆಟ್ಟಿದ್ಯಾ ಮೇಡಂ? ಅವ್ರು ಥ್ಯಾಂಕ್ಸ್ ಹೇಳ್ತಿದಾರೆ, ನೀವು ನಾವು ಮಾಡಿದ್ದೇ ಸರಿಯಿಲ್ಲ ಅಂತ ಬರೀತಿದೀರ!"

"ಸರಿಯಿಲ್ಲ ಸಾರ್. ಹೈ ಅಂತ ಬರ್ದಿದ್ದು ನಾನು. ಯಾವ ಚೆಕ್ಕೂ ಮಾಡಿಲ್ಲ."

"ಪಬ್ಲಿಕ್ ಪೋಸ್ಟ್ ರೀ ಅದು! ರೋಡಲ್ಲಿ ನಿಂತು ಮಾತಾಡಿದ್ರೆ ಹೋಗೋರ್ ಬರೋರ್ ಕೇಳಿಸ್ಕೊಳಲ್ವಾ?"

"ಕೇಳಿಸ್ಕೋತಾರೆ. ಕೇಳಿಸ್ಕೊಂಡು ಅವಳ ಓನರ್‌ಗೆ ಫೋನ್ ಮಾಡಲ್ಲ."

"ದೊಡ್ಡ ಮಾತು ಬೇಡ. ಆ ಹಳದಿ ಯಾರ್ದು ಐಡಿಯಾ? ನಂದಾ?"

ಅವರು ಹೇಳಿದ್ದು ಸರಿ. ಅವರ ಮೇಲೆ ಆಗ ಬಂದ ಸಿಟ್ಟು ಅವರು ಸರಿಯಾಗಿದ್ದರೆಂಬ ಸಿಟ್ಟು.

"ಕಳ್ಸಿ," ಎಂದರು ಕೊನೆಗೆ. "ನಿಮ್ಮ ಹೆಸ್ರಲ್ಲೇ ಕಳ್ಸಿ. ಇನ್ಮೇಲೆ ಈ ಕ್ಲೈಂಟ್ ಅಕೌಂಟ್ ನೀವು ನೋಡೋದು ಬೇಡ."

ಕಳಿಸಿದೆ. ಮಂಗಳವಾರ ಬೆಳಿಗ್ಗೆ ಉತ್ತರ ಬಂದಿತ್ತು. ತಲುಪಿದೆ, ವಿಷಯ ಅಲ್ಲಿನ ತಂಡದ ಕೈಯಲ್ಲಿದೆ. ಅಷ್ಟೇ.

ಗದಗದವಳು ಅದನ್ನು ಓದಿ ಮೊದಲ ಬಾರಿಗೆ ನನ್ನ ಪಕ್ಕ ಕುರ್ಚಿ ಎಳೆದು ಕೂತಳು. "ಅಕಿಗೇ ಹೇಳೂಣ್ರಿ," ಎಂದಳು. ಹೇಗೆ? ಹೆಸರಿಲ್ಲ, ಅಡ್ಡಹೆಸರು ಆ ಒಂದು ಬರಹಕ್ಕೆಂದೇ ಇಟ್ಟದ್ದು, ಬರಹವೇ ಇಲ್ಲ. ಉಳಿದದ್ದು ಆ ತಾಣ, ಆ ಹೊತ್ತು. ಹತ್ತು ನಲವತ್ತಕ್ಕೆ ಅವಳು ಮತ್ತೆ ಎರಡು ಮನೆಗಳ ನಡುವೆ ಕೂತಿರಬಹುದು. ಅಲ್ಲಿ ಹೆಸರು ನೋಂದಾಯಿಸದೆ ಬರೆಯಲು ಬರುತ್ತಿತ್ತು. ಗದಗದವಳು ಕೊರಿಯನ್ನಿನಲ್ಲಿ ನಾಲ್ಕು ಸಾಲು ಬರೆದಳು. ಹೋದ ವಾರ ಮೆಟ್ಟಿಲ ಮೇಲೆ ಕೂತು ಬರೆದವರಿಗೆ: ನಿಮ್ಮ ಬರಹದ ಚಿತ್ರ ಹೊರಗೆ ಹೋಗಿದೆ. ನಿಮ್ಮ ಮೇಲಿನವರಿಗೆ ತಲುಪಿದೆ. ಅದು ನೀವಲ್ಲ ಎಂದು ಹೇಳಿ. ಕ್ಷಮಿಸಿ. ಒಂದೊಂದು ಪದಕ್ಕೂ ನಾವು ಜಗಳವಾಡಿದೆವು. ಕ್ಷಮೆ ಕೇಳುವುದು ಬೇಡ, ಅದರಿಂದ ತೆಗೆದವರು ನಾವೇ ಎಂದಾಗುತ್ತದೆ ಎಂದೆ ನಾನು. ಅವಳು ಒಪ್ಪಲಿಲ್ಲ. ಕ್ಷಮೆ ಉಳಿಯಿತು.

ಹತ್ತು ನಲವತ್ತೊಂದಕ್ಕೆ ಹಾಕಿದೆವು. ಮೂರು ನಿಮಿಷಕ್ಕೆ ಮೊದಲ ಉತ್ತರ. ಯಾರ ಬಗ್ಗೆ ಇದು? ಎರಡನೆಯದು, ಸಿಡಿಸಿದ್ದನ್ನು ಮತ್ತೆ ಯಾಕೆ ತರುತ್ತೀರಿ, ತೆಗೆಯಿರಿ. ಆಮೇಲೆ ಒಬ್ಬರ ಹಿಂದೆ ಒಬ್ಬರು: ತೆಗೆಯಿರಿ, ನಾಚಿಕೆಯಿಲ್ಲವೇ, ಆ ವ್ಯಕ್ತಿ ಬೇಡವೆಂದು ಕೇಳಿಕೊಂಡಿದ್ದರು, ನಿಮಗೆ ಏನು ಬೇಕು ಅವರಿಂದ. ಅಂದು ಅವಳನ್ನು ಕಾಪಾಡಿದ ಅದೇ ಜನ ಅಷ್ಟೇ ಚುರುಕಾಗಿ ನಮ್ಮಿಂದ ಅವಳನ್ನು ಕಾಪಾಡುತ್ತಿದ್ದರು. ಗುಂಪು ಹೆಚ್ಚುತ್ತ ಹೋಯಿತು. ಹೆಚ್ಚಿದಷ್ಟೂ ಆ ಬರಹದ ಸುದ್ದಿ ಮತ್ತೆ ಹತ್ತು ಜನಕ್ಕೆ ಹಬ್ಬುತ್ತಿತ್ತು. ಗದಗದವಳು ಮೌಸನ್ನು ಅಳಿಸುವ ಗುಂಡಿಯ ಮೇಲೆ ತಂದಿಟ್ಟಳು.

"ತಗದುಬಿಡ್ಲೇನ್ರಿ?"

"ಇನ್ನೊಂದ್ ನಿಮಿಷ ಇರ್ಲಿ. ಅವಳು ನೋಡ್ಲಿ."

"ನೋಡ್ಯಾಳೋ ಇಲ್ಲೋ ನಮಗ ಹೆಂಗ ಗೊತ್ತಾಗ್ಬೇಕ್ರಿ?"

ಹತ್ತು ಐವತ್ತೆರಡಕ್ಕೆ ತೆಗೆದಳು. ಹನ್ನೊಂದು ನಿಮಿಷ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಅದರ ಚಿತ್ರ ಮಾತ್ರ ನಾನು ತೆಗೆಯಲಿಲ್ಲ. ಫೋಲ್ಡರನ್ನು ಅಂದೇ ಅಳಿಸಿದೆ, ಗ್ರಾಹಕ ಕಂಪನಿಯ ಹತ್ತಿರ ಒಂದು ಪ್ರತಿ ಇರುವಾಗ ನಮ್ಮದನ್ನು ಅಳಿಸುವುದಕ್ಕೆ ಏನರ್ಥವೋ ಅಷ್ಟೇ ಅರ್ಥದಲ್ಲಿ.

ಕೆಲವು ತಿಂಗಳಿಗೆ ಗದಗದವಳು ಬೇರೆ ಕೆಲಸಕ್ಕೆ ಹೋದಳು. ಈಗ ಇದನ್ನು ಬರೆಯಲು ಕೂತಾಗ ಅವಳಿಗೆ ಫೋನ್ ಮಾಡಿದೆ. ಬನಶಂಕರಿ ಬಸ್‌ಸ್ಟ್ಯಾಂಡಿನಲ್ಲಿದ್ದಳು, ಹಿಂದೆ ಕಂಡಕ್ಟರ್ ಕೂಗುವುದು ಕೇಳುತ್ತಿತ್ತು. ಅಂದು ನೀನು ನನಗೆ ಹೇಳಿದ್ದು ಚಿತ್ರ ತೆಗೆಯುವ ಮೊದಲೋ ಆಮೇಲೋ ಎಂದು ಕೇಳಿದೆ.

"ನಿಮಗ ಯಾವ್ದ್ ಬೇಕೋ ಅದನ್ನ ಇಟ್ಕೋರಿ ಅಕ್ಕಾರ. ನನ್ನ ಕೇಳಬ್ಯಾಡ್ರಿ."

"ನಿನಗೆ ನೆನಪಿದ್ಯಾ?"

"ಬಸ್ ಬಂತ್ರಿ, ಇಡ್ತೀನಿ."

ಅವಳಿಗೆ ನೆನಪಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ಪತ್ರ ತಲುಪಿದ್ದು ಅಲ್ಲಿನವರು ಆ ಹೆಂಗಸನ್ನು ಕರೆಸುವ ಮೊದಲೋ ಆಮೇಲೋ, ಗೊತ್ತಿಲ್ಲ. ಆ ಹನ್ನೊಂದು ನಿಮಿಷದಲ್ಲಿ ಅವಳು ಫೋನ್ ನೋಡಿದಳೋ ಇಲ್ಲವೋ ಗೊತ್ತಿಲ್ಲ. ಅವಳು ಈಗಲೂ ಫಿಲ್ಟರ್ ಬದಲಿಸುತ್ತಿದ್ದಾಳೆಯೇ ಎಂಬುದೂ ಗೊತ್ತಿಲ್ಲ.